ಕಡೇ ಮಡಿಲು

ಆ ಚೀಲವನ್ನು ಮೊದಲು ಹೊಗಳಿದವಳು ನಾನು. ಈಗಲೂ ಹೊಗಳುತ್ತೇನೆ. ನಮ್ಮತ್ತೆ ಕೆಂಚಮ್ಮ ಅದನ್ನು ಕೋತಿಯ ಹೊಟ್ಟೆ ಅಂತ ಕರೆದಳು, ಕರೆಯಲಿ. ಅವಳ ಬಾಯಲ್ಲಿ ಒಳ್ಳೆಯ ಹೆಸರು ಪಡೆದ ಸಾಮಾನು ಈ ತಾಳವಾಡಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮದುವೆಯಾಗಿ ಗೆಟ್ಟವಾಡಿಗೆ ಬಂದ ವಾರದಲ್ಲೇ ನಾನು ಮಾಡಿದ ಸಾರನ್ನು ಬಾಯಿಗಿಟ್ಟು, ದನ ತೊಳೆದ ನೀರು ಇದಕ್ಕಿಂತ ಮೇಲು ಅಂದವಳು. ಅವತ್ತಿನಿಂದ ನಾವಿಬ್ಬರೂ ಎಣ್ಣೆ ಸೀಗೆಕಾಯಿ. ಒಂದೇ ಮನೆ, ಒಂದೇ ಒಲೆ, ಒಂದೇ ಹೊಲದಲ್ಲಿ ಕೂಲಿ, ಮಾತು ಮಾತ್ರ ಬೇಕಾದಷ್ಟೇ. ನನ್ನ ಗಂಡ ನಾಗೇಶ ಚಾಮರಾಜನಗರದ ಮಂಡಿಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಾನೆ. ನಮ್ಮ ಜಗಳದ ವಾಸನೆ ಬಂದರೆ ಸಾಕು, ಟೈರಿಗೆ ಗಾಳಿ ಹೊಡೆಸಬೇಕು ಅನ್ನುವುದು ಅವನಿಗೆ ನೆನಪಾಗುತ್ತದೆ.

ಚೀಲ ತಂದವನು ಶಿವಶಂಕರ. ನಾವು ಕೂಲಿಗೆ ಹೋಗುವ ಮಾದಪ್ಪಗೌಡರ ಮಗ. ತಾಳವಾಡಿಯಲ್ಲಿ ಬಸ್ ನಿಲ್ಲುವ ಕಡೆ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅಂಗಡಿ ನೆಪಕ್ಕೆ. ಅವನ ಜೀವವೆಲ್ಲ ‘ಹೊಸದೇನಿದೆ’ ಅನ್ನುವ ಯೂಟ್ಯೂಬ್ ಚಾನೆಲಿನಲ್ಲಿ. ಲೋಕದ ಯಾವ ಮೂಲೆಯಲ್ಲಿ ಯಾವ ಹೊಸ ಸಾಮಾನು ಬಂದರೂ ತರಿಸಿ, ಕನ್ನಡದಲ್ಲೊಂದು ಸಲ ತಮಿಳಿನಲ್ಲೊಂದು ಸಲ ಬಣ್ಣಿಸುತ್ತಾನೆ. ಬಣ್ಣಿಸುವವನು ಅವನು, ಪರೀಕ್ಷೆಗೆ ಮೈ ಕೊಡುವವರು ನಾವು. ಕೊರಳಿಗೆ ಹಾಕಿಕೊಳ್ಳುವ ಫ್ಯಾನು ತಂದ. ಅದಕ್ಕೆ ನಮ್ಮ ಜೊತೆ ಕೂಲಿಗೆ ಬರುವ ರೇವತಿಯ ಕೂದಲು ಸಿಕ್ಕಿಕೊಂಡು ಕತ್ತರಿ ಹಾಕಿ ಬಿಡಿಸಬೇಕಾಯಿತು. ಕಳೆ ಕೀಳುವಾಗ ಕೂರಲು ಸೊಂಟಕ್ಕೆ ಕಟ್ಟಿಕೊಳ್ಳುವ ಮಣೆ ತಂದ. ಚೌಡಮ್ಮ ಕೂತ ತಕ್ಷಣ ಅದರ ಕಾಲು ಮುರಿದು, ಅವಳು ಬದುವಿನಿಂದ ಕೆಳಗೆ ಉರುಳಿದಳು. ಎರಡನ್ನೂ ಅವನು ವಿಡಿಯೋಗೆ ಹಾಕಿದ. ಜನ ನಕ್ಕರೂ ಸರಿ, ಮೆಚ್ಚಿದರೂ ಸರಿ, ನೋಡಿದರೆ ಅವನಿಗೆ ಸಾಕು.

ಆದರೆ ಈ ಚೀಲದ ಮಾತೇ ಬೇರೆ. ಎಲ್ಲೋ ತಂಪು ದೇಶದಲ್ಲಿ ಸೇಬು ಕೀಳುವವರು ಕಟ್ಟಿಕೊಳ್ಳುವುದಂತೆ. ಹೊಟ್ಟೆಯ ಮುಂದೆ ಜೋತುಬೀಳುವ ಗಟ್ಟಿ ಬಟ್ಟೆಯ ಚೀಲ, ಬೆನ್ನಿನ ಮೇಲೆ ಅಡ್ಡಡ್ಡ ಹಾಯುವ ಅಗಲವಾದ ಪಟ್ಟಿಗಳು. ತುಂಬಿದ ಮೇಲೆ ಬಗ್ಗಿ ಸುರಿಯುವ ಕೆಲಸವಿಲ್ಲ. ಕ್ರೇಟಿನ ಮೇಲೆ ಚೀಲ ಬರುವಂತೆ ನಿಂತು ಎರಡು ಕೊಕ್ಕೆ ಬಿಡಿಸಿದರೆ ತಳವೇ ತೆರೆದುಕೊಂಡು ಕಾಯೆಲ್ಲ ಜರ್ರನೆ ಇಳಿಯುತ್ತದೆ. ಅವರೆಕಾಯಿ ಕಾಲದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಡಿಲು ಮಾಡಿಕೊಂಡು ದಿನವಿಡೀ ಕಿತ್ತವರಿಗೆ ಗೊತ್ತು ಆ ಭಾರ ಎಲ್ಲಿ ಹೋಗಿ ಕೂರುತ್ತದೆ ಅಂತ. ಬೆಳಿಗ್ಗೆ ಇಬ್ಬನಿ ಹಿಡಿದ ಕಾಯಿ, ಹೊಟ್ಟೆಗೆ ಅಂಟಿಕೊಂಡ ಒದ್ದೆ ಸೀರೆ, ಮಧ್ಯಾಹ್ನಕ್ಕೆ ಸೊಂಟ ಇದೆಯೋ ಬಿದ್ದುಹೋಯಿತೋ ತಿಳಿಯುವುದಿಲ್ಲ. ಚೀಲ ಕಟ್ಟಿಕೊಂಡು ಒಂದು ಸಾಲು ಮುಗಿಸಿದವಳೇ, ದೇವರಂಥ ಸಾಮಾನು ಅಂತ ಶಿವಶಂಕರನ ಫೋನಿನ ಮುಂದೆ ಹೇಳಿದೆ. ಸುಳ್ಳು ಹೇಳಲಿಲ್ಲ.

ಚೀಲದ ಜೊತೆ ಅವನು ಒಂದು ತಕ್ಕಡಿಯನ್ನೂ ತಂದಿದ್ದ. ಮುಷ್ಟಿಯಷ್ಟು ಗಾತ್ರ, ಕೆಳಗೊಂದು ಕೊಕ್ಕೆ. ಸುರಿಯುವ ಮೊದಲು ಚೀಲವನ್ನು ಅದಕ್ಕೆ ತೂಗುಹಾಕಿದರೆ ತೂಕ ತಾನಾಗಿ ಅವನ ಫೋನಿಗೆ ಹೋಗುತ್ತದೆ. ಯಾರು ಎಷ್ಟು ಕಿತ್ತರು ಅನ್ನುವುದು ಅಲ್ಲಿ ಹೆಸರಿನ ಸಮೇತ ಕಾಣುತ್ತದೆ. ಹೆಸರು ಸೇರಿಸಲು ಒಂದು ಫೋನ್ ನಂಬರ್ ಬೇಕಾಗಿತ್ತು. ಕೆಂಚಮ್ಮನ ಹತ್ತಿರ ಫೋನಿಲ್ಲ. ಅವಳ ಚೀಲವನ್ನೂ ನನ್ನ ನಂಬರಿಗೇ ಸೇರಿಸಿದ. ಒಂದೇ ಮನೆ ತಾನೇ ಅಂದ. ಹೌದು ಅಂದೆ.

ಇಲ್ಲಿ ಕಡೇ ಮಡಿಲಿನ ವಿಷಯ ಹೇಳಬೇಕು. ನಮ್ಮ ಸಾಲಿನ ಹೊಲಗಳಲ್ಲಿ ಅವರೆಕಾಯಿ ಕೀಳುವ ದಿನ, ಹೊತ್ತು ಇಳಿಯುವಾಗ ಹೊಲದ ಗೌಡ ‘ಕಡೇ ಮಡ್ಲು’ ಅಂತ ಕೂಗುತ್ತಾನೆ. ಅಲ್ಲಿಂದ ಸಾಲಿನ ತುದಿಯವರೆಗೆ ಕಿತ್ತು ಮಡಿಲಿಗೆ ಹಾಕಿಕೊಂಡದ್ದು ಕಿತ್ತವಳದು. ಸಾರು ಮಾಡಲಿ, ಮಾರಲಿ, ಯಾರಿಗಾದರೂ ಕೊಡಲಿ, ಕೇಳುವವರಿಲ್ಲ. ಕೂಗಿದ ಗೌಡ ಬೆಟ್ಟದ ಕಡೆ ಮುಖ ಮಾಡಿ ಕ್ರೇಟಿಗೆ ಹಗ್ಗ ಬಿಗಿಯುತ್ತಾ ನಿಲ್ಲುತ್ತಾನೆ. ನಾವು ಹೊಲ ದಾಟಿ ರಸ್ತೆಗೆ ಬರುವವರೆಗೂ ತಿರುಗುವುದಿಲ್ಲ. ಯಾರ ಮಡಿಲಲ್ಲಿ ಎಷ್ಟಿದೆ ಅಂತ ಅವನು ನೋಡಬಾರದು. ನಾವೂ ಪಕ್ಕದವಳ ಮಡಿಲಿಗೆ ಕಣ್ಣು ಹಾಕಬಾರದು. ಹಾಕಿದರೆ ಉಣ್ಣುವವರ ತಟ್ಟೆ ನೋಡಿದಷ್ಟೇ ಹೇಸಿಗೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಇದರ ಬಗ್ಗೆ ಮಾತೇ ಆಡುವುದಿಲ್ಲ. ಒಬ್ಬಳು ಹೆಚ್ಚು ತುಂಬಿಕೊಂಡರೆ ಅವಳ ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚು ಅಂತ ಲೆಕ್ಕ.

ಕೆಂಚಮ್ಮನಿಗೆ ಇದ್ದ ಆಸ್ತಿ ಅದೊಂದೇ. ಅವಳ ಕೂಲಿ ಮನೆಗೆ ಬರುತ್ತದೆ, ಮನೆಯ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಮಡಿಲಿನ ಕಾಯಿ ಮಾತ್ರ ಅವಳದು. ಅದನ್ನು ಮೊರಕ್ಕೆ ಸುರಿದುಕೊಂಡು ಜಗುಲಿಯಲ್ಲಿ ಕೂತರೆ ಅವಳೇ ಊರ ಗೌಡತಿ. ಬೀದಿಯಲ್ಲಿ ಹೋಗುವ ಬಸುರಿಯನ್ನು ಕರೆದು ಕೊಡುವಳು, ಪಕ್ಕದ ಮನೆಯ ಮುದುಕನಿಗೆ ಕೊಡುವಳು. ತಾಳವಾಡಿಗೆ ಕೊಟ್ಟಿರುವ ಮಗಳು ಸುಮ ವಾರಕ್ಕೊಮ್ಮೆ ಬಂದರೆ ಅವಳ ಚೀಲ ತುಂಬಿ ಕಳಿಸುವಳು. ನನಗೆ ಮಾತ್ರ ಕೇಳಿದರೆ, ಕೇಳಿದ ಮೇಲೂ ಒಂದು ಹೊತ್ತು ಕಾಯಿಸಿ. ನನ್ನ ಮನೆಯಲ್ಲಿ, ನನ್ನ ಒಲೆಯ ಮುಂದೆ, ಸಾರಿಗೆ ನಾಲ್ಕು ಕಾಳು ಬೇಕು ಅಂತ ನಾನು ಆ ಮುದುಕಿಯ ಮುಂದೆ ನಿಲ್ಲಬೇಕಿತ್ತು. ಅವರೆ ಕಾಲ ಮುಗಿಯುವವರೆಗೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಚೀಲ ಬಂದ ಮೊದಲ ಸಂಜೆ ಮಾದಪ್ಪಗೌಡರು ಎಂದಿನಂತೆ ಕೂಗಿ, ಎಂದಿನಂತೆ ಬೆಟ್ಟದ ಕಡೆ ತಿರುಗಿದರು. ನಾವು ನಿಂತಲ್ಲೇ ನಿಂತೆವು. ಅವರು ಕೂಗಿದ್ದು ಮಡಿಲು ಅಂತ. ನಮ್ಮ ಯಾರಿಗೂ ಮಡಿಲೇ ಇರಲಿಲ್ಲ. ಚೀಲವೋ, ಎರಡು ಮಡಿಲಿನಷ್ಟು ಹಿಡಿಯುತ್ತದೆ. ಅಷ್ಟನ್ನೂ ಹೊತ್ತುಕೊಂಡು ಹೋಗಬಹುದೇ? ಅರ್ಧ ತುಂಬಬೇಕೇ? ತಕ್ಕಡಿಗೆ ಹಾಕಬೇಕೇ, ಬೇಡವೇ? ಬೇರೆ ಕಡೆಯ ಹೆಂಗಸರಾಗಿದ್ದರೆ ‘ಗೌಡರೇ, ನಮ್ಮ ಪಾಲು ಹೇಗೆ’ ಅಂತ ಒಂದು ಮಾತು ಕೇಳಿ ಮುಗಿಸುತ್ತಿದ್ದರು. ನಮ್ಮಲ್ಲಿ ಅದನ್ನು ಕೇಳಿದವರೇ ಇಲ್ಲ. ಕೇಳಿದರೆ ಬೇಡಿದ ಹಾಗೆ. ರೇವತಿ ನನ್ನ ಮುಖ ನೋಡಿದಳು, ನಾನು ಚೌಡಮ್ಮನ ಮುಖ ನೋಡಿದೆ. ಆಮೇಲೆ ಯಾರೋ ಒಬ್ಬರು ಕ್ರೇಟಿನ ಹತ್ತಿರ ಹೋಗಿ ಕೊಕ್ಕೆ ಬಿಡಿಸಿದರು. ಅದು ರೇವತಿ ಅಂತ ನಾನು ಹೇಳುತ್ತೇನೆ, ರೇವತಿ ನನ್ನ ಹೆಸರು ಹೇಳುತ್ತಾಳೆ. ಒಬ್ಬಳು ಸುರಿದ ಮೇಲೆ ಉಳಿದವರಿಗೆ ಸುರಿಯದೆ ಇರಲಾಗಲಿಲ್ಲ. ಕೆಂಚಮ್ಮನೂ ಸುರಿದಳು.

ಗೌಡರು ತಿರುಗಿ ನೋಡಿದಾಗ ನಾವಿನ್ನೂ ಅಲ್ಲೇ ಬರಿಗೈಯಲ್ಲಿ ನಿಂತಿದ್ದೆವು. ಇದೇನು, ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಅವರು ಕೇಳುವುದಾದರೂ ಹೇಗೆ? ಕೇಳಿದರೆ ಇಷ್ಟು ವರ್ಷ ನೋಡುತ್ತಿದ್ದೆ ಅಂತ ಆಗುತ್ತದೆ. ಮಾರನೆಯ ದಿನವೂ ಹೀಗೇ ಆಯಿತು. ಅದರ ಮಾರನೆಯ ದಿನ ಅವರು ಕೂಗಲೇ ಇಲ್ಲ. ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಯಲು ಹೋಗಿ, ಯಾರೂ ಕಿತ್ತುಕೊಳ್ಳದೆಯೇ ನಮ್ಮ ಕಡೇ ಮಡಿಲು ಹೋಯಿತು.

ಮರುದಿನ ಬೆಳಿಗ್ಗೆ ಕೆಂಚಮ್ಮ ಚೀಲವನ್ನು ಮೂಲೆಯಲ್ಲಿ ಎಸೆದು ಹಳೆಯ ಸೀರೆ ಉಟ್ಟುಕೊಂಡು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಲಿಗೇ ಕಿತ್ತಳು. ಪ್ರತಿ ಸಲ ಸುರಿಯಲು ಬಗ್ಗಿದಾಗಲೂ ಒಂದು ಕೈಯನ್ನು ಮಂಡಿಯ ಮೇಲೆ ಊರಿ ಏಳುತ್ತಿದ್ದಳು. ನಾನು ಪಕ್ಕದ ಸಾಲಿನಲ್ಲಿ ಚೀಲ ಕಟ್ಟಿಕೊಂಡು ಅವಳಿಗಿಂತ ಎಷ್ಟೋ ಮುಂದೆ ಹೋಗಿದ್ದೆ. ಹೊತ್ತು ಇಳಿಯಿತು. ಗೌಡರು ಕೂಗಲಿಲ್ಲ. ಕೆಂಚಮ್ಮ ಸಾಲಿನ ನಡುವೆ ನೆಟ್ಟಗೆ ನಿಂತು, ತಾನೇ ‘ಕಡೇ ಮಡ್ಲು’ ಅಂತ ಕೂಗಿದಳು. ಹೆಂಗಸು ಅದನ್ನು ಕೂಗಿದ್ದನ್ನು ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗೌಡರು ಬೆಚ್ಚಿಬಿದ್ದು ಬೆಟ್ಟದ ಕಡೆ ತಿರುಗಿದರು. ಅವಳು ಒಬ್ಬಳೇ ಆ ಸಾಲು ಮುಗಿಸಿ, ಮಡಿಲು ಹಿಡಿದುಕೊಂಡು, ನಮ್ಮ ಯಾರ ಕಡೆಗೂ ನೋಡದೆ ರಸ್ತೆಗೆ ಹೋದಳು.

ಶಿವಶಂಕರ ತಕ್ಕಡಿಯ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ. ಆ ಹೊಲದಲ್ಲೇ ಹುಟ್ಟಿ ಬೆಳೆದವನು, ಆದರೆ ಇದನ್ನು ನೋಡಿರಲಿಲ್ಲ. ಹೊತ್ತು ಇಳಿಯುವಾಗ ಅವನು ಯಾವತ್ತೂ ಅಂಗಡಿಯಲ್ಲೇ ಇರುತ್ತಿದ್ದ, ಅವತ್ತು ತಕ್ಕಡಿ ನೋಡಲು ಉಳಿದಿದ್ದ. ಅಪ್ಪನನ್ನು ಕೇಳಿದ. ಗೌಡರು ಏನಿಲ್ಲ ಬಿಡು ಅಂದರು. ನನ್ನನ್ನು ಕೇಳಿದ. ನಾನು ಹೇಳಿದೆ. ಕೂಗುವುದು, ತಿರುಗುವುದು, ನೋಡಬಾರದ್ದು, ಎಲ್ಲವನ್ನೂ ಹೇಳಿದೆ. ಓದಿದವನೊಬ್ಬ ಇಷ್ಟು ಗಮನ ಕೊಟ್ಟು ನನ್ನ ಮಾತು ಕೇಳಿದ್ದು ಅದೇ ಮೊದಲು. ಇಷ್ಟು ಚೆಂದದ ಪದ್ಧತಿ ನಮ್ಮ ಹೊಲದಲ್ಲೇ ಇತ್ತಲ್ಲ, ನಾನು ಏನೇನೋ ಹುಡುಕಿಕೊಂಡು ಹೋಗುತ್ತಿದ್ದೆನಲ್ಲ ಅಂತ ಅವನ ಕಣ್ಣು ಅರಳಿತು. ಸಾಮಾನಿನ ಹಾಗೆ ಸಂಸ್ಕೃತಿಯೂ ಅವನಿಗೆ ಸಿಕ್ಕಿಬಿಟ್ಟಿತ್ತು.

ಮರುದಿನ ಕೆಂಚಮ್ಮ ಮತ್ತೆ ಕೂಗಿದಾಗ ಅವನು ಬದುವಿನ ಮೇಲೆ ಸಿದ್ಧವಾಗಿದ್ದ. ಅವಳು ಹೊಲದಿಂದ ಹೊರಬರುತ್ತಿದ್ದಂತೆ ಎದುರಿಗೆ ಬಂದು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಫೋನನ್ನು ಅವಳ ಮಡಿಲಿಗೇ ಹಿಡಿದ. ಅವಳು ಬಲಕ್ಕೆ ಸರಿದರೆ ಅವನೂ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಸೆರಗು ಬಿಚ್ಚಿ ಮುಚ್ಚಿಕೊಳ್ಳುವ ಹಾಗಿಲ್ಲ, ಬಿಚ್ಚಿದರೆ ಕಾಯಿ ಬೀಳುತ್ತದೆ. ಎರಡು ಕೈಯಲ್ಲೂ ಮಡಿಲನ್ನು ಹೊಟ್ಟೆಗೆ ಒತ್ತಿಕೊಂಡು ರಸ್ತೆಯವರೆಗೂ ನಡೆದಳು. ವಿಡಿಯೋದಲ್ಲಿ ಅದೆಲ್ಲ ಇದೆ. ಎರಡು ರಾಜ್ಯಗಳ ಗಡಿಯಲ್ಲಿ ಅಡಗಿದ್ದ ಅಪರೂಪದ ಸಂಪ್ರದಾಯ ಅಂತ ಹೆಸರು ಕೊಟ್ಟ. ಕೊನೆಗೆ, ಅಜ್ಜಿಯ ಮಡಿಲಲ್ಲಿ ಎಷ್ಟು ಕಿಲೋ ಇರಬಹುದು, ಅಂದಾಜು ಮಾಡಿ ಬರೆಯಿರಿ ಅಂತ ನೋಡುವವರಿಗೆ ಪ್ರಶ್ನೆ ಬೇರೆ.

ಲೋಕವೆಲ್ಲ ಅಂದಾಜು ಮಾಡಿತು. ಮೈಸೂರಿನವರು ಕಣ್ಣಲ್ಲಿ ನೀರು ಬಂತು ಅಂತ ಬರೆದರು. ಕೊಯಮತ್ತೂರಿನವರು ಕೈ ಮುಗಿದರು. ನಡುವೆ ಒಬ್ಬ ಇದಕ್ಕೆ ಕಳ್ಳತನ ಅನ್ನುವುದಿಲ್ಲವೇ ಅಂತ ತಮಿಳಿನಲ್ಲಿ ಕೇಳಿದ್ದ, ಅದರ ಕೆಳಗೆ ಊರುದ್ದ ಜಗಳ. ಪಕ್ಕದ ಹೊಲದ ಪುಟ್ಟಬಸಪ್ಪ ಇದೆಲ್ಲ ನೋಡಿದ. ಮಾದಪ್ಪನ ಹೊಲದಿಂದ ಇಷ್ಟಿಷ್ಟು ಹೋಗುತ್ತಿದ್ದರೆ ನನ್ನ ಹೊಲದಿಂದ ಎಷ್ಟು ಹೋಗಿರಬೇಡ ಅಂತ ಅವನಿಗೆ ಅನ್ನಿಸಿತೋ ಏನೋ, ಮರುದಿನದಿಂದ ಕೂಗಿದ ಮೇಲೆ ಬೆಟ್ಟದ ಕಡೆ ತಿರುಗುವುದನ್ನು ಬಿಟ್ಟ. ದಾರಿಗೆ ಅಡ್ಡ ನಿಂತು ಒಬ್ಬೊಬ್ಬಳ ಮಡಿಲನ್ನೂ ನೋಡಿ ಕಳಿಸತೊಡಗಿದ. ಅವನೇನೂ ಬೈಯಲಿಲ್ಲ, ಒಂದು ಕಾಯನ್ನೂ ಕಿತ್ತುಕೊಳ್ಳಲಿಲ್ಲ. ನೋಡಿದ, ಅಷ್ಟೆ. ಎರಡು ದಿನದಲ್ಲಿ ಅವನ ಹೆಂಗಸರು ಮಡಿಲು ಕಟ್ಟುವುದನ್ನೇ ಬಿಟ್ಟರು.

ಆ ಸಿಟ್ಟನ್ನು ಅವರು ಪುಟ್ಟಬಸಪ್ಪನ ಮೇಲೆ ತೀರಿಸಿಕೊಳ್ಳಲಾಗಲಿಲ್ಲ, ನಮ್ಮ ಮನೆಯ ಮುಂದೆ ಬಂದು ತೀರಿಸಿಕೊಂಡರು. ಲೋಕಕ್ಕೆಲ್ಲ ಮಡಿಲು ತೋರಿಸಿಕೊಂಡು ನಮ್ಮ ಮಡಿಲನ್ನೂ ಕಳೆದೆಯಲ್ಲ ಅಂತ ಕೆಂಚಮ್ಮನ ಮೇಲೆ ಮುಗಿಬಿದ್ದರು. ತಾಳವಾಡಿ ಸಂತೆಗೆ ಹೋದರೆ ಪಡ್ಡೆ ಹುಡುಗರು ವಿಡಿಯೋ ಅಜ್ಜಿ, ಇವತ್ತು ಎಷ್ಟು ಕಿಲೋ ಅಂತ ಕೇಳಿದರಂತೆ. ಶಿವಶಂಕರನಿಗೆ ಹೇಳಿಕೊಟ್ಟವಳು ನಾನು ಅಂತ ರೇವತಿ ಊರೆಲ್ಲ ಹೇಳಿದಳು, ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟರೆ ಬಿಡಲಿ. ಅವಳ ಕೂದಲು ಫ್ಯಾನಿಗೆ ಸಿಕ್ಕಿದಾಗ ಬಿಡಿಸಿದವಳೂ ನಾನೇ.

ಕೆಂಚಮ್ಮ ಒಂದು ಬೆಳಿಗ್ಗೆ ನೆಟ್ಟಗೆ ಗೌಡರ ಮನೆಯ ಅಂಗಳಕ್ಕೆ ಹೋಗಿ ನಿಂತಳು. ಜೊತೆಗೆ ಹೋಗು ಅಂತ ನಾಗೇಶ ನನ್ನನ್ನು ಅಟ್ಟಿದ, ತಾನು ಟೆಂಪೋ ಹತ್ತಿದ. ಗೌಡರು ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ವಿಡಿಯೋ ತೆಗೆದುಹಾಕು ಅಂತ ಅವಳು ಶಿವಶಂಕರನಿಗೆ ಹೇಳಿದಳು. ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. ಇಷ್ಟು ಜನ ನಿಮ್ಮನ್ನು ನೋಡಿ ಕೈ ಮುಗಿದಿದ್ದಾರೆ, ಇದರಲ್ಲಿ ಅವಮಾನ ಏನು ಬಂತು ಅಂತ ಕೇಳಿದ. ಆಮೇಲೆ ಒಳಗೆ ಹೋಗಿ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು ತೋರಿಸಿದ. ಇನ್ನು ಮೇಲೆ ಸಂಜೆ ಮನೆಗೊಂದು ಡಬ್ಬ ತುಂಬ ಕಾಯಿ, ತೂಗಿ, ಎಲ್ಲರಿಗೂ ಒಂದೇ ಸಮ.

“ನೀವು ಮಡ್ಲಲ್ಲಿ ತಕ್ಕೊಂಡೋಗೋದಕ್ಕಿಂತ ಜಾಸ್ತೀನೇ ಕೊಡ್ತೀನಿ ಅಜ್ಜಿ,” ಅಂದ. “ಕದ್ದುಮುಚ್ಚಿ ಯಾಕೆ? ರಾಜಾರೋಷವಾಗಿ ತಕ್ಕೊಂಡೋಗಿ.”

ಕೆಂಚಮ್ಮ ಡಬ್ಬದ ಕಡೆ ನೋಡಲೂ ಇಲ್ಲ. “ನೀ ಕೊಟ್ರ ಅದು ನಿಂದು ಕಣಪ್ಪ,” ಅಂದಳು. “ಮಡ್ಲು ಯಾರೂ ಕೊಡೋದಲ್ಲ, ನಾ ತಕ್ಕೊಳೋದು. ನಿಮ್ಮಪ್ಪ ಕೊಡ್ತಿದ್ದುದು ಒಂದೇಯ, ನೋಡ್ದಂಗ ಇರೋದು.”

ಗೌಡರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಅವರು ತಲೆ ಎತ್ತಲಿಲ್ಲ. ಶಿವಶಂಕರ ನಕ್ಕು, ಹಾಗಾದರೆ ಅಪ್ಪ ಇನ್ನೂ ಹಾಗೇ ತಿರುಗಲಿ, ಬೇಡ ಅಂದವರು ಯಾರು, ಅದನ್ನೂ ಒಂದು ವಿಡಿಯೋ ಮಾಡೋಣ ಅಂದ. ನನಗೆ ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಆದರೆ ಡಬ್ಬವನ್ನು ನಾನು ಕಣ್ಣಲ್ಲೇ ಅಳೆದಿದ್ದೆ. ಅದು ಮಡಿಲಿಗಿಂತ ದೊಡ್ಡದೇ ಆಗಿತ್ತು.

ಅದಾದ ಎರಡು ದಿನಕ್ಕೆ ಅವನು ಹೇಳಿದಂತೆಯೇ ಮಾಡಿದ. ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡು ಹಾಕಿ ಹೊಲದ ಬಾಯಲ್ಲಿ ನಿಲ್ಲಿಸಿದ. ಮೇಲುಗಡೆ ತಾಳಮಲೆಯ ಕಾಡಿನ ಮೇಲೆ ಬಿಸಿಲು ಇನ್ನೂ ಇತ್ತು, ಬೆಳಕು ಚೆನ್ನಾಗಿದೆ ಅಂತ ಸಂತೋಷಪಟ್ಟ. ಅಪ್ಪನಿಗೆ ಎಲ್ಲಿ ನಿಲ್ಲಬೇಕು, ಕೂಗಿದ ಮೇಲೆ ಯಾವಾಗ ತಿರುಗಬೇಕು, ಹಗ್ಗವನ್ನು ಹೇಗೆ ಹಿಡಿಯಬೇಕು ಅಂತ ತೋರಿಸಿದ. ಎಂದಿನ ಹಾಗೆ ತಿರುಗಪ್ಪ ಸಾಕು, ಸಹಜವಾಗಿರಲಿ ಅಂದ. ಪುಟ್ಟಬಸಪ್ಪನೂ ಅವನ ಹೆಂಗಸರೂ ಬದುವಿನ ಮೇಲೆ ನಿಂತು ನೋಡುತ್ತಿದ್ದರು.

ಮಾದಪ್ಪಗೌಡರು ಕೂಗಿದರು. ತಿರುಗಲು ಹೊರಟು ಅರ್ಧಕ್ಕೇ ನಿಂತರು. ಯಾವ ಕಾಲು ಮೊದಲು ಎತ್ತಬೇಕು ಅನ್ನುವುದೇ ಮರೆತವರ ಹಾಗೆ ಕಂಡರು. ಇಷ್ಟು ವರ್ಷ ಯೋಚಿಸದೆ ತಿರುಗುತ್ತಿದ್ದ ಮನುಷ್ಯನಿಗೆ, ತಿರುಗು ಅಂತ ಹೇಳಿಸಿಕೊಂಡು ತಿರುಗಲು ಆಗಲಿಲ್ಲ. ಶಿವಶಂಕರ ಸ್ಟ್ಯಾಂಡಿನ ಹಿಂದಿನಿಂದ ಕೈಸನ್ನೆ ಮಾಡುತ್ತಲೇ ಇದ್ದ. ಅಷ್ಟರಲ್ಲಿ ಕೆಂಚಮ್ಮ ಸಾಲು ಮುಗಿಸಿ ಮಡಿಲು ಹಿಡಿದುಕೊಂಡು ಬಂದಳು. ಅವರು ಅವಳ ಎದುರಿಗೇ ನಿಂತಿದ್ದರು. ಅವರ ಕಣ್ಣು ಅವಳ ಮಡಿಲಿಗೆ ಬಿತ್ತು. ಎಲ್ಲರೂ ನೋಡಿದೆವು, ಅವರು ನೋಡಿದ್ದನ್ನು. ಅದರಲ್ಲಿ ನಾಲ್ಕು ಜನರ ಒಂದು ಹೊತ್ತಿನ ಸಾರಿಗಾಗುವಷ್ಟು ಕಾಯಿತ್ತು, ಅಷ್ಟೇ. ಊರೆಲ್ಲ ಕಿಲೋಗಟ್ಟಲೆ ಅಂದಾಜು ಮಾಡಿದ ಮಡಿಲು ಅದು.

ಏನಾದರೂ ಹೇಳಬೇಕಿತ್ತು ಅಂತ ಅವರಿಗೆ ಅನ್ನಿಸಿರಬೇಕು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಒಸೀಯ ಅದಲ್ಲ ಕೆಂಚಮ್ಮ,” ಅಂದರು. “ಇನ್ನೊಂದೀಟು ತಕ್ಕೊ.”

ಕೆಂಚಮ್ಮ ಅಲ್ಲಾಡಲಿಲ್ಲ. ಅವಳ ಮುಖ ನಾನು ಹಿಂದೆಂದೂ ನೋಡದ ಮುಖವಾಗಿತ್ತು, ಸಿಟ್ಟೂ ಇಲ್ಲ, ಏನೂ ಇಲ್ಲ. ಆಮೇಲೆ ಕ್ರೇಟಿನ ಹತ್ತಿರ ಹೋಗಿ, ಒಂದು ಕೈ ಮಂಡಿಗೆ ಊರಿ ಬಗ್ಗಿ, ಮಡಿಲು ಬಿಚ್ಚಿದಳು. ಕೊನೆಯ ಕಾಯಿ ಸೀರೆಗೆ ಅಂಟಿಕೊಂಡಿತ್ತು, ಅದನ್ನೂ ಬಿಡಿಸಿ ಹಾಕಿದಳು. “ಈಗ ನಿಮ್ದಾಯ್ತು ಗೌಡ್ರೇ,” ಅಂದು ಸೆರಗು ಕೊಡವಿ ಹೊದ್ದುಕೊಂಡಳು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಎಲ್ಲರ ಮೇಲೂ ಬಂತು. ಕಣ್ಣಿಗೆ ಕಂಡದ್ದನ್ನೆಲ್ಲ ಫೋನಿಗೆ ಹಾಕಿಕೊಳ್ಳುವ ಶಿವಶಂಕರನ ಮೇಲೆ, ಒಳ್ಳೆಯ ಮಾತಾಡಿ ಕೆಡಿಸಿದ ಗೌಡರ ಮೇಲೆ, ಕೊಡವಿಕೊಂಡು ಹೋದ ಆ ಮುದುಕಿಯ ಮೇಲೆ. ಅವಳು ತನ್ನ ಮರ್ಯಾದೆಗೆ ಸುರಿದಳು. ಮನೆಯಲ್ಲಿ ಒಲೆ ಹಚ್ಚುವವಳು ನಾನು.

ಮಾರನೆಯ ದಿನದಿಂದ ಡಬ್ಬ ಬಂತು. ಹೊತ್ತು ಇಳಿಯುವಾಗ ಯಾರೂ ಏನೂ ಕೂಗುವುದಿಲ್ಲ. ಶಿವಶಂಕರ ಫೋನು ನೋಡಿ ಹೆಸರು ಹೇಳುತ್ತಾನೆ, ಹೆಸರಿನವರು ಹೋಗಿ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯ ಹೆಸರು ಕವಿತ. ನಂಬರು ನನ್ನದು, ಹಾಗಾಗಿ ಹೆಸರೂ ನನ್ನದು. ಕೆಂಚಮ್ಮ ಇಡೀ ದಿನ ಕಿತ್ತದ್ದು ಅಲ್ಲಿ ನನ್ನ ಹೆಸರಿನಡಿಯೇ ಕಾಣುತ್ತದೆ. ಮೊದಲ ದಿನ ಡಬ್ಬ ತಂದು ಅವಳ ಮುಂದಿಟ್ಟೆ. ನಿಜವಾಗಿ ಇಟ್ಟೆ. “ಇದ್ರಲ್ಲಿ ನಿಂದೂ ಸೇರ್ಕೊಂಡದ ಅತ್ತ, ನೀನೇ ಮಡಿಕ್ಕೊ,” ಅಂದೆ. “ನಿಂಗ ಕೊಟ್ಟದ್ದ ನಂಗ್ಯಾಕ ಕೊಟ್ಟೀಯೆ,” ಅಂದು ಎದ್ದು ಹೋದಳು. ಸರಿ, ಒಳಗೆ ತಂದು ಅಟ್ಟದ ಮೇಲಿಟ್ಟೆ.

ಈಗ ಅವಳೂ ಚೀಲ ಕಟ್ಟಿಕೊಳ್ಳುತ್ತಾಳೆ. ಸೊಂಟಕ್ಕೆ ಹಿತವಾಗಿದೆ ಅಂತ ಹೇಳುವುದಿಲ್ಲ, ಆದರೆ ಏಳುವಾಗ ಮಂಡಿಗೆ ಕೈ ಊರುವುದಿಲ್ಲ. ಅದು ನನಗೆ ಕಾಣುತ್ತದೆ. ದಿನಾ ಅವರೆಕಾಳಿನ ಸಾರು ಮಾಡುತ್ತೇನೆ, ಬೇಕಾದಷ್ಟು ಹಾಕಿ ಗಟ್ಟಿಯಾಗಿ ಮಾಡುತ್ತೇನೆ. ಅವಳು ಮುದ್ದೆ ಮುರಿದು ಅದರಲ್ಲೇ ಅದ್ದಿ ತಿನ್ನುತ್ತಾಳೆ. ಚೆನ್ನಾಗಿದೆ ಅನ್ನುವುದಿಲ್ಲ. ದನ ತೊಳೆದ ನೀರು ಅಂತಲೂ ಅನ್ನುವುದಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮನೆ ಮನೆಯ ಹಾಗಿರುತ್ತಿತ್ತು. ಈ ಸುಮ್ಮನಿರುವಿಕೆ ನನ್ನ ತಲೆ ಕೆಡಿಸುತ್ತದೆ.

ಭಾನುವಾರ ಸುಮ ಬಂದಳು. ಜಗುಲಿಯಲ್ಲಿ ಅಮ್ಮನ ಪಕ್ಕ ಕೂತು ಬಹಳ ಹೊತ್ತು ಮಾತಾಡಿದಳು. ಹೊರಡುವ ಬಸ್ಸಿನ ಹೊತ್ತಾಗುತ್ತಿದ್ದಂತೆ ಮಡಿಚಿಟ್ಟುಕೊಂಡಿದ್ದ ಬಟ್ಟೆ ಚೀಲ ತೆಗೆದು ಅಮ್ಮನ ಮುಂದೆ ಹಿಡಿದಳು. ಪ್ರತಿ ವಾರದ ಅಭ್ಯಾಸ ಅವಳಿಗೆ. ಊರಲ್ಲಿ ನಡೆದದ್ದೆಲ್ಲ ಅವಳಿಗೆ ಗೊತ್ತಿತ್ತು, ಆದರೆ ಅದರಿಂದ ತನ್ನ ಚೀಲಕ್ಕೇನು ಅಂತ ಯೋಚಿಸಿರಲಿಲ್ಲ. ಕೆಂಚಮ್ಮ ಆ ಚೀಲವನ್ನು ಮುಟ್ಟಲಿಲ್ಲ.

“ನನ್ನತ್ರ ಯಾನಿದ್ದುದವ್ವ,” ಅಂದಳು. “ಅತ್ತಿಗ ಕೇಳು.”

ಸುಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನ ಜೊತೆ ಅವಳು ನೆಟ್ಟಗೆ ಮಾತಾಡಿದ್ದೇ ಇಲ್ಲ, ಅಮ್ಮನ ಕಡೆಯವಳು. ಅತ್ತಿಗೆ ಅನ್ನುವ ಮಾತು ಅವಳ ಬಾಯಿಂದ ಹೊರಡಲು ತಡವಾಯಿತು. ನಾನು ಕೈ ತೊಳೆದು, ಒರೆಸಿಕೊಂಡು, ಅಟ್ಟದಿಂದ ಡಬ್ಬ ಇಳಿಸಿದೆ. ತುಂಬಿತ್ತು. ಪೂರ್ತಿ ಸುರಿದಿದ್ದರೂ ಮರುದಿನ ಸಂಜೆ ಇನ್ನೊಂದು ಬರುತ್ತಿತ್ತು. ಅವಳು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಳು. ನಾನು ಬೊಗಸೆಯಲ್ಲಿ ಎತ್ತಿ ಹಾಕತೊಡಗಿದೆ.

ಎರಡನೆಯ ಬೊಗಸೆ ಹಾಕುವಾಗ ತಲೆ ಎತ್ತಿದೆ. ಕೆಂಚಮ್ಮ ಹೊಸಿಲಿನ ಆಚೆ ನಿಂತಿದ್ದಳು. ಯಾರ ಮಡಿಲಿಗೂ ಕಣ್ಣು ಹಾಕದ ಹೆಂಗಸು, ನನ್ನ ಕೈಯನ್ನೇ ನೋಡುತ್ತಿದ್ದಳು, ಎಷ್ಟು ಹಾಕುತ್ತೇನೆ ಅಂತ. ನೋಡಲಿ ಅಂತ ಮೂರನೆಯದನ್ನು ನಿಧಾನವಾಗಿ ಹಾಕಿದೆ. ಆಮೇಲೆ ಡಬ್ಬದ ಮುಚ್ಚಳ ಹಾಕಿದೆ.